ಮೇಳಕ್ಕೆ ಹೋದದ್ದೋ, ಅಕ್ಕನ ಮನೆಗೆ ಹೋದದ್ದೋ

ಊರಿನ ಹಲ್ಲಿನ ಡಾಕ್ಟರುಗಳ ಬಾಯಲ್ಲಿ ಅವನು ದವಡೆಯಣ್ಣ. ಜನರ ಬಾಯಿ ತೆರೆಸಿ ಅಚ್ಚು ತೆಗೆಯುವುದು ಅವರ ಕೆಲಸ. ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಸೆಟ್ಟು ಮಾಡಿ ಡಬ್ಬಿಯಲ್ಲಿಟ್ಟು ಕಳಿಸುವುದು ಇವನ ಕೆಲಸ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಛತ್ರಿ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅವನ ಮೋಟಾರು, ಉಜ್ಜುವ ಚಕ್ರ, ಹಲ್ಲು ಸುಡುವ ಕುಲುಮೆ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಹೊಸದಾಗಿ ಬಂದವರು ಅದನ್ನು ನೋಡಿ ತಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಒಳಗಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಹೆಂಡತಿಯ ಮೇಜು. ಹಲ್ಲಿಗೆ ಬಣ್ಣ ಹೊಂದಿಸುವುದು ಅವಳ ಪಾಲಿನ ಕೆಲಸ. ಬಿಳಿ ಎಂದರೆ ಒಂದೇ ಬಿಳಿ ಎಂದುಕೊಂಡವರಿಗೆ ಅವಳ ಮೇಜಿನ ಮುಂದೆ ಹತ್ತು ನಿಮಿಷ ಕೂತರೆ ತಲೆ ತಿರುಗುತ್ತಿತ್ತು. ಬೀಡಿ ಸೇದುವವನ ಬಿಳಿ, ಚಹಾ ಕುಡಿಯುವವಳ ಬಿಳಿ, ಎಪ್ಪತ್ತು ದಾಟಿದರೂ ಇಪ್ಪತ್ತರ ಹಲ್ಲು ಬೇಕೆನ್ನುವ ಮುದುಕರ ಬಿಳಿ, ಎಲ್ಲ ಬೇರೆ ಬೇರೆ. ಅಂಗಡಿಯಲ್ಲಿ ಅವಳಿಗೆ ಅರ್ಧ ಪಾಲು. ಕಾಗದದ ಮೇಲೂ ಹಾಗೇ ಬರೆಸಿದ್ದ.

ಸೆಟ್ಟು ತಯಾರಾದ ಮೇಲೆ ಅದನ್ನು ಕೀಲಿರುವ ಕಬ್ಬಿಣದ ದವಡೆಗೆ ಸಿಕ್ಕಿಸಿ, ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡುವುದು ಈ ಕಸುಬಿನ ಪದ್ಧತಿ. ಎಲ್ಲಿ ನೀಲಿ ಗಾಢವಾಗಿ ಹತ್ತಿತೋ ಅಲ್ಲಿ ಹಲ್ಲು ಎತ್ತರವಾಗಿದೆ ಎಂದರ್ಥ. ಅಷ್ಟನ್ನು ಉಜ್ಜಬೇಕು, ಮತ್ತೆ ಕಚ್ಚಿಸಬೇಕು. ಬೇರೆಯವರು ಒಂದೆರಡು ಸಲ ನೋಡಿ ಡಬ್ಬಿಗೆ ಹಾಕುತ್ತಾರೆ. ದವಡೆಯಣ್ಣ ಮಾತ್ರ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸದ್ದಿಲ್ಲದೆ ಕೂರುವ ತನಕ ಉಜ್ಜುತ್ತಲೇ ಇರುತ್ತಿದ್ದ. 'ಇವರ ಕೈಗೆ ಸಿಕ್ಕಿದರೆ ಆನೆ ದಂತವೂ ಸವೆದು ಹಲ್ಲುಕಡ್ಡಿ ಆಗುತ್ತೆ' ಎಂದು ಹೆಂಡತಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೆ ಉಜ್ಜುತ್ತಾ ಕೂತಿದ್ದಾಗ ಕತ್ತರಿ ಮೆಟ್ಟಿಲು ಹತ್ತಿ ಬಂದ. ಆ ಬೀದಿಯ ಅಂಗಡಿಗಳವರಿಗೆಲ್ಲ ತೆರಿಗೆಯ ಲೆಕ್ಕ ಬರೆದುಕೊಡುತ್ತಿದ್ದವನು ಅವನು. ಯಾರ ತೆರಿಗೆ ಎಷ್ಟೇ ಬರಲಿ, ಅದರ ಅಂಚನ್ನು ಒಂದಿಷ್ಟು ಕತ್ತರಿಸಿಯೇ ಕೊಡುತ್ತಿದ್ದನಾದ್ದರಿಂದ ಆ ಹೆಸರು. ದವಡೆಯಣ್ಣನನ್ನು ಅಣ್ಣ ಎಂದೂ ಅವನ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುವಷ್ಟು ಬಳಕೆ.

"ಅಣ್ಣ, ಆ ಮೋಟಾರು ಸ್ವಲ್ಪ ನಿಲ್ಲಿಸು. ತೆರಿಗೆ ಕಚೇರಿಯಿಂದ ಕರೆದಿದ್ದಾರೆ."

"ನಾನೇನು ಮಾಡಿದೆ?"

"ಪ್ರಯಾಣ ಮಾಡಿದೆ. ಹೋದ ವರ್ಷ ನೀನೂ ಅತ್ತಿಗೇನೂ ಹಲ್ಲಿನ ಸಾಮಾನಿನ ಮೇಳಕ್ಕೆ ಹೋಗಿದ್ರಲ್ಲ, ಆ ಖರ್ಚನ್ನ ನಾನು ವ್ಯವಹಾರದ ಖರ್ಚು ಅಂತ ಆದಾಯದಲ್ಲಿ ಕಳೆದು ತೋರಿಸಿದ್ದೆ. ಅತ್ತಿಗೆಯ ಅಕ್ಕ ಇದ್ದದ್ದೂ ಅದೇ ಊರಲ್ಲಿ ಅಂತ ಹೇಗೋ ಗೊತ್ತಾಗಿದೆ. ಈಗ ಕೇಳ್ತಿದ್ದಾರೆ, ಇದು ಕೆಲಸದ ಪ್ರಯಾಣವೋ ನೆಂಟರ ಮನೆ ಪ್ರಯಾಣವೋ ಅಂತ."

"ಎರಡೂ."

"ಅಲ್ಲೇ ಬಂದಿರೋದು ತೊಂದರೆ. ಎರಡೂ ಅನ್ನೋ ಉತ್ತರ ಅವರ ಹತ್ರ ನಡೆಯಲ್ಲ. ಮುಖ್ಯ ಯಾವುದು, ಅದನ್ನ ಹೇಳಬೇಕು. ಮುಖ್ಯ ಕೆಲಸ ಅಂದ್ರೆ ರೈಲಿನ ಖರ್ಚು ಪೂರ್ತಿ ಬಿಡ್ತಾರೆ, ಕೆಲಸ ಮಾಡಿದ ದಿನಗಳ ಲಾಡ್ಜು ಊಟ ಬಿಡ್ತಾರೆ. ಸ್ವಂತಕ್ಕೆ ಇದ್ದ ದಿನಗಳದ್ದು ನಿನ್ನ ಕೈಯಿಂದ. ಮುಖ್ಯ ನೆಂಟರ ಮನೆ ಅಂದ್ಯೋ, ರೈಲಿನದು ಒಂದು ಬಿಡಿಗಾಸೂ ಇಲ್ಲ."

"ಹೋಗಲಿ ಬಿಡು. ರೈಲಿನದು ಎಷ್ಟು ಮಹಾ."

"ನೀನು ಬಿಟ್ರೆ ಅವರು ಬಿಡ್ತಾರಾ? ಇದು ಸುಳ್ಳು ಅಂತಾದ್ರೆ ಆ ಮೇಳದಲ್ಲಿ ಕೊಂಡ ಕುಲುಮೆ ಕೆದಕ್ತಾರೆ. ಕುಲುಮೆ ಆದ್ಮೇಲೆ ಹಿಂದಿನ ವರ್ಷಗಳದ್ದು. ಆಮೇಲೆ ದಂಡ. ಅಂಗಡಿ ಮಾರಿದ್ರೂ ಆ ಬಾಯಿ ಮುಚ್ಚಲ್ಲ. ಅತ್ತಿಗೇನೂ ಬರಬೇಕು. ಪಾಲುದಾರರಲ್ವಾ, ಅವರ ಟಿಕೆಟ್ಟೂ ಖರ್ಚಿಗೇ ಹಾಕಿದ್ದೀವಿ."

ಒಳಗಿನ ಕೋಣೆಯಲ್ಲಿ ಕುಂಚ ತೊಳೆಯುವ ಸದ್ದು ನಿಂತಿತು. "ಏನಂತೆ?" ಎಂದು ಹೆಂಡತಿ ಬಾಗಿಲಿಗೆ ಬಂದಳು.

"ನಿಮ್ಮ ಯಜಮಾನರು ನಿಮ್ಮನ್ನ ಯಾಕೆ ಕರ್ಕೊಂಡು ಹೋಗಿದ್ರು ಅಂತ ಸರ್ಕಾರಕ್ಕೆ ತಿಳ್ಕೋಬೇಕಂತೆ ಅತ್ತಿಗೆ."

"ಮದುವೆ ಆದ್ಮೇಲೆ ಒಂದೇ ಒಂದು ಸಲ ಕರ್ಕೊಂಡು ಹೋದ್ರು. ಅದಕ್ಕೆ ಸರ್ಕಾರಕ್ಕೇ ಅನುಮಾನ ಬಂತು ನೋಡಿ," ಎಂದಳು ಅವಳು. ಮೂವರೂ ನಕ್ಕರು.

ಕತ್ತರಿ ಹೋದಮೇಲೆ ದವಡೆಯಣ್ಣ ಮೋಟಾರು ಹಾಕಲಿಲ್ಲ. ಆ ಪ್ರಯಾಣದ ಸುದ್ದಿಯನ್ನು ಗಂಡ ಹೆಂಡಿರು ಅಷ್ಟಾಗಿ ಎತ್ತುತ್ತಿರಲಿಲ್ಲ.

ಹೆಂಡತಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಅವಳ ಅಕ್ಕ. ತಾಯಿ ಹೋದಾಗ ಅಕ್ಕನೇ ತಾಯಿಯಾದಳು, ತಂಗಿಗೆ ತಲೆ ಬಾಚಿದಳು, ಓದಿಸಿದಳು, ಮದುವೆ ಮಾಡಿದಳು. ಮದುವೆಯ ನಂತರ ತಂಗಿ ಈ ಊರಿಗೆ ಬಂದಳು. ಅಕ್ಕ ದೂರದ ಸಮುದ್ರದ ಊರಿನಲ್ಲಿ ಹಡಗುಕಟ್ಟೆಯ ಹತ್ತಿರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟುಕೊಂಡು ಉಳಿದಳು. ರೈಲಿನಲ್ಲಿ ಹಗಲೂ ರಾತ್ರಿಯೂ ಕೂರುವಷ್ಟು ಹಾದಿ. 'ಮುಂದಿನ ವರ್ಷ ಹೋಗೋಣ' ಎನ್ನುತ್ತಲೇ ವರ್ಷಗಳು ಉರುಳಿದವು. ಅಂಗಡಿಗೆ ಬೀಗ ಹಾಕಬೇಕೆಂದರೆ ದವಡೆಯಣ್ಣನಿಗೆ ಮೈಗೆ ಜ್ವರ ಬಂದ ಹಾಗಾಗುತ್ತಿತ್ತು. ಜಿಪುಣನೇನಲ್ಲ. ಕೆಲಸವಿಲ್ಲದೆ ಪ್ರಯಾಣ ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಅಕ್ಕನ ಮಗಳು ಫೋನು ಮಾಡಿ, "ಚಿಕ್ಕಮ್ಮ, ಅಮ್ಮನಿಗೆ ತೀರಾ ಹುಷಾರಿಲ್ಲ" ಎಂದ ದಿನ ಹೆಂಡತಿ ಅವನನ್ನು ಹೋಗೋಣವೇ ಎಂದು ಕೇಳಲಿಲ್ಲ. ಒಬ್ಬ ಮೇಷ್ಟರ ಹಲ್ಲಿಗೆ ಹೊಂದದ ಬಣ್ಣ ಹಾಕಿ ಕಳಿಸಿದಳು. ಅದು ವಾಪಸು ಬಂತು. ಅವಳ ಕೈಯಿಂದ ಹಾಗೆ ಎಂದೂ ಆದದ್ದಿಲ್ಲ. ಮರುದಿನ ಅವನು ಹಲ್ಲಿನ ಪಿಂಗಾಣಿ ಮಾರುವ ಕಂಪನಿಯ ಕ್ಯಾಲೆಂಡರು ತಿರುವಿ ಹಾಕುತ್ತಾ, ಮುಂದಿನ ತಿಂಗಳು ಅದೇ ಸಮುದ್ರದ ಊರಿನಲ್ಲಿ ಹಲ್ಲಿನ ಸಾಮಾನಿನ ದೊಡ್ಡ ಮೇಳ ಇರುವುದನ್ನು ಕಂಡುಹಿಡಿದ. "ನೋಡೇ, ಮೇಳ ಇದೆ. ಹೊಸ ಕುಲುಮೆ ನೋಡಬೇಕು ಅಂತಿದ್ದೆ. ಹೋಗಿ ಬರೋಣ, ನಿಮ್ಮ ಅಕ್ಕನ್ನೂ ನೋಡಿದ ಹಾಗಾಗುತ್ತೆ," ಎಂದ.

ಅವಳು ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಕೆಳಗಿನ ಛತ್ರಿಯವನ ಹೆಂಡತಿಯ ಹತ್ತಿರ, "ನಮ್ಮವರಿಗೆ ನೆಟ್ಟಗೆ ಒಂದು ಒಳ್ಳೇ ಮಾತಾಡೋಕೆ ಬರಲ್ಲ. ಮೇಳ ಗೀಳ ಅಂತ ಸುತ್ತಿ ಬಳಸಿ ಬರ್ತಾರೆ. ನನಗೆ ಗೊತ್ತಿಲ್ವಾ," ಎಂದು ಹೇಳುತ್ತಿದ್ದುದನ್ನು ಅವನು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡಿದ್ದ. ಆ ದಿನವೆಲ್ಲ ಕೈಗೆ ಹಿಡಿದ ಕೆಲಸ ಹಗುರಾಗಿತ್ತು. ತನ್ನ ಮನಸ್ಸಿನಲ್ಲಿ ಏನಿದೆಯೆಂದು ಅವನಿಗೇ ಅವಳ ಬಾಯಿಂದ ತಿಳಿದಂತಾಗಿತ್ತು.

ರೈಲು ಅಲ್ಲಿ ಬೆಳಿಗ್ಗೆ ತಲುಪಿತು. ಕುಲುಮೆ ಹಚ್ಚಿ ತೋರಿಸುವುದು ಮೇಳದ ಮೊದಲ ದಿನ ಮಾತ್ರ. ಮೇಳದ ಜಾಗ ನಿಲ್ದಾಣಕ್ಕೆ ಹತ್ತಿರ, ಅಕ್ಕನ ಮನೆ ಊರಿನ ಆ ತುದಿ. 'ಮೊದಲು ಇದನ್ನ ಮುಗಿಸಿಬಿಟ್ಟರೆ ನಾಳೆಯಿಂದ ಅಕ್ಕನ ಜೊತೆ ನೆಮ್ಮದಿಯಾಗಿ ಕೂರಬಹುದು' ಎಂಬ ಮಾತು ಬಂತು. ಯಾರು ಆಡಿದರೆಂಬುದು ಆಮೇಲೆ ಇಬ್ಬರಿಗೂ ಸರಿಯಾಗಿ ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ಇಬ್ಬರೂ ಹೋಗಲಿಲ್ಲ. ಆ ದಿನವೆಲ್ಲ ಅಕ್ಕ ಹಾಸಿಗೆಯಲ್ಲಿ ಮಲಗಿ, "ಬಂದಳಾ? ರೈಲು ಬಂತಾ?" ಎಂದು ಕೇಳುತ್ತಲೇ ಇದ್ದಳಂತೆ. ಮರುದಿನ ಇವರು ಹೋದಾಗ ಕಣ್ಣು ತೆರೆದಿತ್ತು, ಉಸಿರಿತ್ತು. ಮಾತು ನಿಂತುಹೋಗಿತ್ತು. ತಂಗಿ ಬಂದದ್ದು ಗೊತ್ತಾಯಿತೋ ಇಲ್ಲವೋ ಹೇಳುವವರಿಲ್ಲ. ಕೆಲವು ದಿನ ಹಾಗೇ ಇದ್ದು ಹೋಗಿಬಿಟ್ಟಳು. ಎಲ್ಲ ಮುಗಿಯುವವರೆಗೆ ಇವರು ಅಲ್ಲೇ ಇದ್ದರು.

ವಾಪಸು ಬರುವಾಗ ರೈಲಿನಲ್ಲಿ ಹೆಂಡತಿ ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದವಳು, "ನೀವು ಕರ್ಕೊಂಡು ಬರದೇ ಇದ್ದಿದ್ರೆ ಇಷ್ಟೂ ಸಿಗ್ತಿರಲಿಲ್ಲ ನನಗೆ," ಎಂದಿದ್ದಳು. ದೂರಲಿಲ್ಲ, ಅಳಲಿಲ್ಲ. ಅವನಿಗೆ ಆ ಒಂದು ಮಾತು ಸಾಕಾಗಿತ್ತು. ಆ ಮೊದಲ ದಿನದ ಭಾರವನ್ನೆಲ್ಲ ಅದೊಂದರ ಮೇಲೆ ಇಟ್ಟು ನಡೆಯುತ್ತಿದ್ದ.

ಕತ್ತರಿ ಹೇಳಿಕೊಟ್ಟದ್ದು ಇಷ್ಟೇ. ಇಬ್ಬರೂ ಒಂದೇ ಮಾತು ಹೇಳಬೇಕು. ಮೇಳಕ್ಕೆಂದೇ ಹೊರಟದ್ದು, ಅಕ್ಕನನ್ನು ನೋಡಿದ್ದು ನಡುವೆ ಬಂದದ್ದು. "ಮೇಳ ಇರದೇ ಇದ್ದಿದ್ರೆ ಹೋಗ್ತಿದ್ರಾ ಅಂತ ಕೇಳೇ ಕೇಳ್ತಾರೆ. ಇಲ್ಲ ಅನ್ನಿ. ರಾಗ ಎಳೀಬೇಡಿ," ಎಂದ. "ಇದೇನು ಪೂರ್ತಿ ಸುಳ್ಳೂ ಅಲ್ಲ. ಮೇಳ ನೋಡಿದ್ರಿ, ಕುಲುಮೆ ತಂದ್ರಿ."

ಬೇರೆ ಗಂಡನಾದರೆ ಹೆಂಡತಿಗೆ ಒಂದು ಸಲ ಹೇಳಿ ಸುಮ್ಮನಾಗುತ್ತಿದ್ದ. ದವಡೆಯಣ್ಣ ಅವಳ ಉತ್ತರವನ್ನು ಕಬ್ಬಿಣದ ದವಡೆಗೆ ಸಿಕ್ಕಿಸಿದ. ದಿನಾ ಕೆಲಸದ ನಡುವೆ ಮುಂದಿನ ಕೋಣೆಯಿಂದಲೇ ಕೂಗಿ ಕೇಳುವುದು, ಅವಳು ಒಳಗಿನಿಂದ ಹೇಳುವುದು.

"ಯಾಕೆ ಹೋಗಿದ್ರಿ?"

"ನಮ್ಮ ಅಕ್ಕನಿಗೆ ಹುಷಾರಿರಲಿಲ್ಲ, ಅದೇ ಹೊತ್ತಿಗೆ ಅಲ್ಲಿ ಮೇಳ..."

"ಅಲ್ಲ ಕಣೇ, ಅಕ್ಕ ಮೊದಲು ಬಂದಳು ನೋಡು. ಮೇಳ ಮೊದಲು."

"ಮೇಳ ಇತ್ತು, ಹೋದ್ವಿ. ಅಕ್ಕನಿಗೆ ಹುಷಾರಿಲ್ಲ ಅಂತ..."

"ಹುಷಾರಿಲ್ಲ ಅನ್ನೋದು ಬೇಡ. ತಗಲುತ್ತೆ. ಅಕ್ಕ ಅದೇ ಊರಲ್ಲಿದ್ದಳು, ಹಾಗೇ ನೋಡ್ಕೊಂಡು ಬಂದ್ವಿ ಅನ್ನು."

"ಹಾಗೇ?"

"ಹಾಗೇ."

ಒಳಗೆ ಕುಂಚ ನೀರಿನಲ್ಲಿ ಅಲ್ಲಾಡಿದ ಸದ್ದು. ಆಮೇಲೆ, "ಅಕ್ಕ ಅದೇ ಊರಲ್ಲಿದ್ದಳು. ಹಾಗೇ ನೋಡ್ಕೊಂಡು ಬಂದ್ವಿ," ಎಂದು ಬಂತು.

"ಮೇಳದಲ್ಲಿ ನಿನಗೇನು ಕೆಲಸ?"

"ಹೊಸ ಪಿಂಗಾಣಿಯ ಬಣ್ಣಗಳನ್ನ ನೋಡೋದು."

"ಅದು ನಿಜಾನೇ ತಾನೆ?"

"ನಿಜಾನೇ. ಎದುರಿಗೆ ಹರಡಿದ್ರು. ನನ್ನ ಕಣ್ಣಿಗೆ ಒಂದೂ ಕಾಣಲಿಲ್ಲ."

"ಅದನ್ನ ಹೇಳಬೇಡ."

ಎಲ್ಲಿ ಅವಳ ದನಿ ತಡವರಿಸಿತೋ ಅಲ್ಲಿ ಅವನಿಗೆ ನೀಲಿ ಕಂಡಂತಾಗುತ್ತಿತ್ತು. ಅಷ್ಟನ್ನು ಉಜ್ಜುವುದು, ಮತ್ತೆ ಕೇಳುವುದು. ಕತ್ತರಿ ಬಂದು ಕೇಳಿ ಬೆರಗಾದ. "ಅತ್ತಿಗೆ, ನೀವು ವಕೀಲರಾಗಬೇಕಿತ್ತು," ಎಂದ. ಅವಳು ನಗಲಿಲ್ಲ. ಅವನು ಹೋದಮೇಲೆ, "ರೀ, ಸಾಕು ಬಿಡಿ. ಇಷ್ಟು ಸಲ ಹೇಳಿದ್ರೆ ನನಗೇ ನಿಜ ಅನ್ನಿಸಿಬಿಡುತ್ತೆ," ಎಂದಳು.

"ಅನ್ನಿಸಲಿ. ಒಳ್ಳೇದೇ. ಬಾಯಿ ತೊದಲಲ್ಲ," ಎಂದ ದವಡೆಯಣ್ಣ. ತನ್ನ ಕೆಲಸ ಚೆನ್ನಾಗಿ ಆಗುತ್ತಿದೆ ಎಂಬುದಷ್ಟೇ ಅವನ ತಲೆಯಲ್ಲಿತ್ತು.

ತೆರಿಗೆ ಕಚೇರಿಯಲ್ಲಿ ಉದ್ದನೆಯ ಓಣಿ, ಗೋಡೆಗೆ ತಾಗಿಸಿದ ಬೆಂಚು. ತಮ್ಮ ತಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಜನ ಆಸ್ಪತ್ರೆಯಲ್ಲಿ ಕೂತ ಹಾಗೆ ಕೂತಿದ್ದರು. ಕತ್ತರಿ ಫೈಲು ಹಿಡಿದು ಮುಂದೆ, ಇವರಿಬ್ಬರು ಹಿಂದೆ. ಅಧಿಕಾರಿ ನಡುವಯಸ್ಸಿನ ಹೆಂಗಸು. ಜೋರು ಮಾಡುವವರಲ್ಲ. ಕುರ್ಚಿ ಸಾಲದಿದ್ದುದನ್ನು ನೋಡಿ ತಾವೇ ಎದ್ದು ಮೂಲೆಯಿಂದ ಇನ್ನೊಂದನ್ನು ಎಳೆದು ತಂದರು. ಕೂತ ಕೂಡಲೇ ಹೆಂಡತಿ ಗಂಡನ ಕಿವಿಯ ಹತ್ತಿರ ಬಾಗಿ, "ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ಬಣ್ಣ ಹೊಂದಿಲ್ಲ," ಎಂದಳು.

"ನಮ್ಮದಲ್ಲ," ಎಂದ ಅವನು ಪಿಸುದನಿಯಲ್ಲಿ.

ಅಧಿಕಾರಿ ಮೊದಲು ಅವನನ್ನು ಕೇಳಿದರು. ಅಂಗಡಿಗೆ ಆ ಕುಲುಮೆ ಬೇಕಿತ್ತೇ, ಮೇಳದಲ್ಲಿ ಯಾರ ಯಾರ ಮಳಿಗೆ ನೋಡಿದಿರಿ, ಹೆಂಡತಿಯ ಕೆಲಸವೇನು. ಅವನು ಎಲ್ಲಕ್ಕೂ ನೀರು ಕುಡಿದಂತೆ ಉತ್ತರ ಕೊಟ್ಟ. ಮೇಳ ಇರದಿದ್ದರೆ ಹೋಗುತ್ತಿದ್ದಿರಾ ಎಂದಾಗ, "ಇಲ್ಲ ಮೇಡಂ," ಎಂದ, ರಾಗ ಎಳೆಯದೆ. ಕತ್ತರಿ ಮೇಜಿನ ಕೆಳಗೆ ಅವನ ಕಾಲು ಮೆಲ್ಲಗೆ ತುಳಿದು ಶಹಬ್ಬಾಸ್ ಹೇಳಿದ.

ಅಧಿಕಾರಿ ಸ್ವಲ್ಪ ಹೊತ್ತು ಫೈಲು ನೋಡಿದರು. ಆಮೇಲೆ ಯಾರೂ ಉಜ್ಜಿರದ ಒಂದು ಪ್ರಶ್ನೆ ಬಂತು.

"ಇವರ ಅಕ್ಕ ಅದೇ ದಿನಗಳಲ್ಲಿ ತೀರಿಕೊಂಡ್ರು ಅಂತ ಇಲ್ಲಿದೆ. ಅವರಿಗೆ ಹುಷಾರಿಲ್ಲ ಅಂತ ಹೊರಡೋ ಮುಂಚೆ ನಿಮಗೆ ಗೊತ್ತಿತ್ತಾ?"

ಅವನು ಕತ್ತರಿಯ ಮುಖ ನೋಡಿದ. ಕತ್ತರಿ ಫೈಲಿನ ದಾರ ನೋಡುತ್ತಿದ್ದ.

"ಗೊತ್ತಿತ್ತು," ಎಂದ.

"ಎಷ್ಟು ದಿನ ಮುಂಚೆ?"

"ಅದು... ಹಿಂದಿನ ತಿಂಗಳೇ."

"ಗೊತ್ತಾದ ಮೇಲೂ ಮೇಳ ಶುರುವಾಗೋ ತನಕ ಹೊರಡಲಿಲ್ಲ. ಇಳಿದ ದಿನ ಎಲ್ಲಿಗೆ ಹೋದ್ರಿ?"

"ಮೇಳಕ್ಕೆ."

"ಅಕ್ಕನ ಮನೆಗೆ?"

"ಮಾರನೇ ದಿನ."

ಅಧಿಕಾರಿ ತಲೆಯಾಡಿಸಿದರು. ಅವರ ಮುಖದಲ್ಲಿ ಒಂದು ಗಂಟು ಬಿಡಿಸಿದ ಸಮಾಧಾನವಿತ್ತು. "ಇದೇ ನೋಡಿ ನನಗೆ ಬೇಕಿದ್ದದ್ದು. ಬಹಳ ಜನ ನೆಂಟರ ಮನೆಗೆ ಹೋಗಿ, ಒಂದು ಗಳಿಗೆ ಎಲ್ಲೋ ತಲೆ ಹಾಕಿ ಕೆಲಸ ಅಂತಾರೆ. ನೀವು ಹಾಗಲ್ಲ. ಮನೆಯವರಿಗೆ ಅಷ್ಟು ಸೀರಿಯಸ್ ಇದ್ರೂ ಕೆಲಸ ಮುಗಿಸಿಯೇ ಹೋಗಿದ್ದೀರಿ. ಅಂದ್ಮೇಲೆ ಮುಖ್ಯ ಯಾವುದು ಅನ್ನೋದರಲ್ಲಿ ಅನುಮಾನವೇ ಇಲ್ಲ," ಎಂದು ಬರೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಪೆನ್ನಿನ ಸದ್ದು ಕೋಣೆಯಲ್ಲೆಲ್ಲ ಕೇಳಿಸಿತು.

ದವಡೆಯಣ್ಣನಿಗೆ, ಅಲ್ಲ ಮೇಡಂ, ಅದು ಹಾಗಲ್ಲ ಎನ್ನಬೇಕೆನ್ನಿಸಿತು. ಹೇಗೆ ಎಂದು ಅವರು ಕೇಳಿದರೆ? ಕುಲುಮೆ, ದಂಡ, ಹಿಂದಿನ ವರ್ಷಗಳು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಅಷ್ಟರಲ್ಲಿ ಅಧಿಕಾರಿ ಅವಳ ಕಡೆ ತಿರುಗಿದರು.

"ನೀವು ಹೇಳಿ ಅಮ್ಮ. ನಿಮ್ಮ ಯಜಮಾನರು ಹೇಳಿದ್ದು ಸರಿನಾ?"

ಹೆಂಡತಿ ಅವನ ಕಡೆ ನೋಡಲಿಲ್ಲ. "ಸರಿ. ಮೇಳಕ್ಕೇ ಹೋಗಿದ್ದು. ಅಕ್ಕ ಅದೇ ಊರಲ್ಲಿದ್ದಳು, ಹಾಗೇ ನೋಡ್ಕೊಂಡು ಬಂದ್ವಿ," ಎಂದಳು. ಎಲ್ಲೂ ತಗಲಲಿಲ್ಲ. ಅಷ್ಟು ನುಣುಪಾಗಿ ಅವಳು ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಅಧಿಕಾರಿ ಅಕ್ಕನ ಮನೆಯಲ್ಲಿದ್ದ ದಿನಗಳ ಊಟದ ಖರ್ಚನ್ನು ಮಾತ್ರ ತೆಗೆದುಹಾಕಿದರು. "ಅದು ಸ್ವಂತದ್ದು, ನಾನೇನೂ ಮಾಡೋಕಾಗಲ್ಲ," ಎಂದು ಬೇಜಾರಿನಿಂದಲೇ ಹೇಳಿದರು. ಉಳಿದದ್ದೆಲ್ಲ ಪಾಸು. ಇಬ್ಬರೂ ಸಹಿ ಹಾಕಿದರು. ಓಣಿಗೆ ಬಂದ ಮೇಲೆ ಕತ್ತರಿ ಕುಣಿಯುವುದೊಂದು ಬಾಕಿ. "ಅಣ್ಣ, ಆ ಮೊದಲ ದಿನದ್ದು ನನಗೇ ಹೊಳೆದಿರಲಿಲ್ಲವಲ್ಲೋ! ಅದೊಂದರಿಂದಲೇ ಕೆಲಸ ಆಯ್ತು. ನಡೀರಿ, ಚಹಾ ನನ್ನದು," ಎಂದ.

"ನನಗೆ ಬೇಡ, ಕೆಲಸ ಇದೆ," ಎಂದು ಹೆಂಡತಿ ಬಸ್ಸಿನ ಕಡೆ ನಡೆದಳು.

ಬಸ್ಸಿನಲ್ಲಿ ಜಾಗವಿತ್ತು. ಪಕ್ಕದಲ್ಲೇ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಅವನೇ ಬಾಯಿ ಬಿಟ್ಟ.

"ಆಕೆ ಏನೋ ಅಂದ್ರು ಅಂತ ಮನಸ್ಸಿಗೆ ಹಚ್ಕೋಬೇಡ. ನಿನಗೋಸ್ಕರವೇ ಹೋಗಿದ್ದು ಕಣೇ."

"ಹಾಗಾದ್ರೆ ಅಲ್ಲಿ ಹೇಳಿದ್ದು?"

"ಅದು ಕಚೇರಿಗೆ."

"ಇದು ಮನೆಗಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅದನ್ನು ಇಳಿಸುವ ದಾರಿ ಗೊತ್ತಿತ್ತು. ಯಾವುದೋ ಅಂಗಡಿಯ ಲೆಕ್ಕ ಕೇಳುವವಳ ಹಾಗೆ ಅವಳು ಮುಂದುವರಿಸಿದಳು. "ನಾನು ಆ ದಿನದ ಬಗ್ಗೆ ಯೋಚನೆ ಮಾಡಿರಲಿಲ್ಲ ಅಂತ ಅಲ್ಲ. ಬಂದಾಗೆಲ್ಲ ಪಕ್ಕಕ್ಕೆ ತಳ್ತಿದ್ದೆ. ಇವರು ಮೇಳ ಅಂದದ್ದು ಬಾಯಿಮಾತಿಗೆ, ಮನಸ್ಸಿನಲ್ಲಿ ನಮ್ಮ ಅಕ್ಕನೇ ಇದ್ದಳು ಅಂತ. ಇವತ್ತು ಆಕೆ ಒಂದೊಂದಾಗಿ ಎತ್ತಿ ಇಟ್ಟರಲ್ಲ. ಗೊತ್ತಿತ್ತು, ಕಾದ್ರಿ, ಮೇಳಕ್ಕೆ ಹೋದ್ರಿ. ಒಂದೂ ಸುಳ್ಳಲ್ಲವಲ್ಲ ಅದರಲ್ಲಿ."

"ಸುಳ್ಳಲ್ಲ. ಆದರೆ..."

"ಆದರೆ ಏನು? ಹೇಳಿ."

ಹೇಳಲು ಏನಿತ್ತು? ಮೇಳಕ್ಕೆ ಹೋದದ್ದಕ್ಕೆ ಚೀಟಿ ಇದೆ, ಮಳಿಗೆಯವರ ಕಾರ್ಡು ಇದೆ, ಮೂಲೆಯಲ್ಲಿ ಕುಲುಮೆಯೇ ಕೂತಿದೆ. ಅವಳಿಗಾಗಿ ಹೋದದ್ದಕ್ಕೆ ಒಂದು ಹುಲ್ಲುಕಡ್ಡಿಯಷ್ಟೂ ಸಾಕ್ಷಿ ಇಲ್ಲ. ಇದ್ದದ್ದು ಅವಳ ನಂಬಿಕೆ ಒಂದೇ. ಆ ಬಣ್ಣ ತಪ್ಪಿದ ಹಲ್ಲು, ಆ ಕ್ಯಾಲೆಂಡರು, ಎಲ್ಲ ಹೇಳಿದ. ಬಸ್ಸಿನ ಸದ್ದಿನಲ್ಲಿ ಗಂಟಲೆತ್ತಿ ಹೇಳಿದ. ಹೇಳುತ್ತಿದ್ದಂತೆ ತನ್ನ ಮಾತು ತನಗೇ ಕಚೇರಿಯಲ್ಲಿ ಆಡಿದ ಮಾತಿನ ಹಾಗೆ, ಮೊದಲೇ ಸಿದ್ಧ ಮಾಡಿಕೊಂಡು ಬಂದ ಹಾಗೆ ಕೇಳಿಸಿತು.

"ಹೂಂ," ಎಂದಳು ಅವಳು. "ಇಳಿಯೋ ಜಾಗ ಬಂತು ನೋಡಿ."

ಮರುದಿನ ಬೆಳಿಗ್ಗೆ ಅವನು ಕತ್ತರಿಯ ಮನೆಯ ಬಾಗಿಲು ಬಡಿದ. ಕತ್ತರಿ ಇನ್ನೂ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ.

"ಅದನ್ನ ವಾಪಸ್ ತಗೊಂಡುಬಿಡೋಣ. ನೆಂಟರ ಮನೆಗೇ ಹೋಗಿದ್ದು ಅಂತ ಬರೆದುಕೊಡು."

"ಏನಾಯ್ತು ನಿನಗೆ? ತಲೆ ನೆಟ್ಟಗಿದೆಯಾ?"

"ನನಗೆ ಆ ದುಡ್ಡು ಬೇಡ."

"ದುಡ್ಡಿನ ಮಾತಲ್ಲ ಅಣ್ಣ ಈಗ. ನೀನು ಹೇಳಿಕೆ ಕೊಟ್ಟಿದ್ದೀಯ. ಇವತ್ತು ಅದು ಸುಳ್ಳು ಅಂದ್ರೆ, ಸುಳ್ಳು ಹೇಳಿದೆ ಅಂತ ನೀನೇ ಬರೆದುಕೊಟ್ಟ ಹಾಗೆ. ನೀನೊಬ್ಬನೇ ಆಗಿದ್ರೆ ಏನೋ ನೋಡಬಹುದಿತ್ತು. ಅತ್ತಿಗೆ ಸಹಿ ಇದೆ ಅದರಲ್ಲಿ. ಅವರನ್ನೂ ನಿಲ್ಲಿಸ್ತಾರೆ. ಬೇಕಾ?"

ದವಡೆಯಣ್ಣ ಹೊಸ್ತಿಲ ಮೇಲೆ ಕೂತುಬಿಟ್ಟ. ಕತ್ತರಿ ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕ ಕೂತ. "ಅತ್ತಿಗೆ ಬೇಜಾರು ಮಾಡ್ಕೊಂಡ್ರಾ?" ಎಂದ.

"ಬೇಜಾರು ಮಾಡ್ಕೊಂಡಿದ್ರೆ ಚೆನ್ನಾಗಿತ್ತು."

"ನಾನು ಬಂದು ಹೇಳಲಾ? ಅದೆಲ್ಲ ನಾನು ಹೇಳಿಕೊಟ್ಟಿದ್ದು ಅಂತ."

"ನೀನು ಹೇಳಿಕೊಟ್ಟಿದ್ದು ಅವಳಿಗೆ ಗೊತ್ತು. ಆ ಮೇಡಂ ನನ್ನನ್ನ ಕೊನೆಗೆ ಕೇಳಿದ್ದನ್ನ ನೀನು ಹೇಳಿಕೊಟ್ಟಿರಲಿಲ್ಲವಲ್ಲ. ಅದನ್ನ ನಾನೇ ನನ್ನ ಬಾಯಿಂದ ಹೇಳಿದೆ."

ಕತ್ತರಿ ಕಿವಿಯ ಹಿಂದೆ ಉಳಿದಿದ್ದ ಸೋಪು ಒರೆಸಿಕೊಂಡ.

ಮನೆಯಲ್ಲಿ ಏನೂ ಬದಲಾಗಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಬಣ್ಣ ತಪ್ಪುತ್ತಿರಲಿಲ್ಲ, ಡಾಕ್ಟರುಗಳ ಮೇಲೆ ಆಡುವ ಹಾಸ್ಯವೂ ಹಾಗೇ ಇತ್ತು. ಅವನು ಏನಾದರೂ ಒಳ್ಳೆಯ ಮಾತು ಆಡಿದರೆ ಮಾತ್ರ ಅವಳು ಒಂದು ಗಳಿಗೆ ನಿಂತು ಕೇಳುತ್ತಿದ್ದಳು, ಮುಂದೆ ಏನು ಕೆಲಸ ಹೇಳುತ್ತಾರೋ ಎಂದು ಕಾಯುವ ಹಾಗೆ. ಒಂದು ದಿನ ಅವಳಿಗೆಂದು ಒಳ್ಳೆಯ ಕುರ್ಚಿ ತಂದ. ಬೆನ್ನು ನೋಯುತ್ತದೆ ಎನ್ನುತ್ತಿದ್ದಳಲ್ಲ. "ಅಂಗಡಿ ಖರ್ಚಿಗೆ ಬರುತ್ತಾ ಇದು?" ಎಂದು ಕೇಳಿದಳು. ಕುಟುಕಿದ್ದಲ್ಲ. ನಿಜವಾಗಿಯೂ ಕೇಳಿದ್ದು.

ಕೆಲವು ತಿಂಗಳ ಮೇಲೆ ಅಕ್ಕನ ಮಗಳು ಫೋನು ಮಾಡಿದಳು. ಇಸ್ತ್ರಿ ಅಂಗಡಿ ಬೇರೆಯವರಿಗೆ ಕೊಡುತ್ತಿದ್ದಾಳೆ, ಅಮ್ಮನ ಪೆಟ್ಟಿಗೆ ತೆಗೆದು ನೋಡಲು ಒಬ್ಬಳಿಗೇ ಧೈರ್ಯ ಬರುತ್ತಿಲ್ಲ, ಚಿಕ್ಕಮ್ಮ ಬರಬೇಕು. ಹೆಂಡತಿ ಫೋನು ಇಟ್ಟು, "ನಾನು ಹೋಗಿ ಬರ್ತೀನಿ," ಎಂದಳು. ಹೋಗಲಾ ಬೇಡವಾ ಎಂದು ಕೇಳಲಿಲ್ಲ.

"ನಾನೂ ಬರ್ತೀನಿ," ಎಂದ ದವಡೆಯಣ್ಣ. ಬಾಯಿಂದ ಮಾತು ಹಾರಿ ಬಂತು. "ಅಂಗಡಿಗೆ ಬೀಗ ಹಾಕೋಣ."

ಅವಳು ಆಶ್ಚರ್ಯದಿಂದ ನೋಡಿದಳು. "ನೀವು ಯಾಕೆ? ಅಲ್ಲಿ ಈಗ ಏನಿದೆ?"

"ಏನೂ ಇಲ್ಲ."

"ಮತ್ತೆ?"

ನೀನು ಇದ್ದೀಯಲ್ಲ ಎನ್ನಬೇಕಿತ್ತು. ಆ ಮಾತು ಅವನ ಬಾಯಲ್ಲಿ ಹೊಸ ಸೆಟ್ಟಿನ ಹಾಗೆ ಕೂತಿತ್ತು, ಒಳಗೂ ಹೋಗದು, ಹೊರಗೂ ಬಾರದು. ಅಷ್ಟರಲ್ಲಿ ಅವಳೇ, "ಬೇಡ ರೀ. ಇಬ್ಬರು ಮುದುಕರ ಸೆಟ್ಟು ಈ ವಾರ ಕೊಡಬೇಕು. ಸುಮ್ಮನೆ ಯಾಕೆ," ಎಂದು ಒಳಗೆ ಹೋದಳು. ಅವನ ಮೇಲಿನ ಕರುಣೆಯಿಂದಲೇ ಹಾಗೆಂದಳು. ಅದು ಅವನಿಗೆ ಗೊತ್ತಾಯಿತು.

ನಿಲ್ದಾಣಕ್ಕೆ ಬಿಡಲು ಹೋದ. ಚೀಲ ಎತ್ತಿ ಮೇಲಿನ ಹಲಗೆಯ ಮೇಲಿಟ್ಟ, ನೀರಿನ ಬಾಟಲು ಕೊಟ್ಟ, ಕಿಟಕಿ ಮೇಲೆ ಕೆಳಗೆ ಮಾಡಿ ಅದು ಸರಿಯಾಗಿ ಕೂರುತ್ತದೆಯೋ ಎಂದು ನೋಡಿದ. ಇಳಿದು ಪ್ಲಾಟ್‌ಫಾರ್ಮಿನಲ್ಲಿ ಕಿಟಕಿಯ ಹತ್ತಿರ ನಿಂತ. ಹೇಳಬೇಕೆಂದದ್ದನ್ನು ಬರುವ ದಾರಿಯಲ್ಲೆಲ್ಲ ಮನಸ್ಸಿನಲ್ಲಿ ಒಂದು ಸಲವೂ ಹೇಳಿಕೊಳ್ಳದೆಯೇ ಬಂದಿದ್ದ. ಮೊದಲೇ ಹೇಳಿಕೊಂಡರೆ ಅದೂ ನುಣುಪಾಗಿಬಿಡುತ್ತದೆಂಬ ಭಯ. ರೈಲು ಜಗ್ಗಿತು. ಹೆಂಡತಿ ಟಿಕೆಟ್ಟನ್ನು ಬೆರಳುಗಳ ನಡುವೆ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಒಂದು ಗಳಿಗೆ ಅವಳ ಮುಖದಲ್ಲಿ, ಹೇಳುವುದಿದ್ದರೆ ಹೇಳಿ ಎನ್ನುವಂಥ ಹಳೆಯ ನೋಟವಿತ್ತು. ಅವನು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಹಾಕಿದ.

"ಆ ಟಿಕೆಟ್ ಬಿಸಾಕಬೇಡ, ಎತ್ತಿಡು," ಎಂದಿತು ಅವನ ಬಾಯಿ.

"ಗೊತ್ತು," ಎಂದಳು ಅವಳು. ಮಡಿಸಿ ಪರ್ಸಿನ ಒಳಗಿನ ಜೇಬಿನಲ್ಲಿಟ್ಟಳು, ಒಳ್ಳೆಯ ಪಾಲುದಾರಳ ಹಾಗೆ.

ರೈಲು ಹೋದಮೇಲೂ ಅವನು ಅಲ್ಲೇ ನಿಂತಿದ್ದ. ಗಾಡಿ ತಳ್ಳಿಕೊಂಡು ಬಂದ ಕೂಲಿಯವನು, "ಸ್ವಾಮಿ, ಸ್ವಲ್ಪ ಜಾಗ," ಎಂದ. ದವಡೆಯಣ್ಣ ಪಕ್ಕಕ್ಕೆ ಸರಿದ. ಇನ್ನೊಂದು ಗಾಡಿ ಬಂತು. ಮತ್ತೆ ಸರಿದ.